ಬಾಗಿಲ ಹೊರಗಿನ ಲೇಹ್ಯ

ಯಾವ ಕಾಲದ್ದು ಅಂತ ಕೇಳಬೇಡಿ. ಅರಸನೂ ಇದ್ದ, ಕಂಪ್ಯೂಟರೂ ಇತ್ತು, ಅಷ್ಟು ಸಾಕು.

ಅರಸ ಗಂಡಭೈರವ ಶಾಲೆಗಳಿಗೆಲ್ಲ ಒಂದೊಂದು ಪೆನ್‌ಡ್ರೈವ್ ಹಂಚಿದ. ಚುಚ್ಚಿದರೆ ಸಾಕು, ಕಂಪ್ಯೂಟರ್ ನಡೆಸುವ ತಂತ್ರಾಂಶವೆಲ್ಲ ಇಳಿಯುತ್ತಿತ್ತು.

"ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು! ಒಳಗೇನಿದೆ ಅಂತ ಹೇಳದ ಗುಟ್ಟಿನ ಸರಕು ನನ್ನ ಬಾಗಿಲು ದಾಟಕೂಡದು!" ಅಂತ ಮೀಸೆ ತಿರುವಿದ.

ಮರುವಾರವೇ ಬೆಟ್ಟದೂರಿನ ಶಾಲೆಯ ಅಕ್ಕೋರು ಗುರುಬಸವ್ವ ಲ್ಯಾಪ್‌ಟಾಪ್ ಅವುಚಿಕೊಂಡು ಆಸ್ಥಾನಕ್ಕೆ ಬಂದರು.

"ವೈಫೈ ಹಿಡೀತಿಲ್ಲ, ಮಹಾಸ್ವಾಮಿ. ನಾಳೆ ಸಂಜೆಯೊಳಗೆ ಮಕ್ಕಳ ಹೆಸರು ನೆಟ್‌ನಲ್ಲಿ ತುಂಬದಿದ್ದರೆ ಪರೀಕ್ಷೆಗೆ ಕೂರಿಸಲ್ಲವಂತೆ."

ಆಸ್ಥಾನದ ಜಾಣ ಕೊಟ್ರಪ್ಪ ಬಿಚ್ಚಿ ನೋಡಿದ. ವೈಫೈ ಚಿಪ್ಪಿಗೆ ಜೀವ ಬರಲು ಫರ್ಮ್‌ವೇರ್ ಅನ್ನೋ ಚೂರು ತಂತ್ರಾಂಶ ಬೇಕು. ಅದರೊಳಗೇನಿದೆ ಅಂತ ಚಿಪ್ ಮಾಡಿದವರು ಯಾರಿಗೂ ತೋರಿಸುವುದಿಲ್ಲ.

"ಪ್ರಭು, ಅದೊಂದನ್ನು ಪೆನ್‌ಡ್ರೈವಿಗೆ ಸೇರಿಸೋಣ."

"ಛೀ! ಬೇಕಾದವರು ನೆಟ್‌ನಿಂದ ಇಳಿಸಿಕೊಳ್ಳಲಿ."

"ನೆಟ್ ಬರೋದೇ ಅದರಿಂದ, ಪ್ರಭು."

"ಅದು ಅವರ ಪಾಡು."

ಗುರುಬಸವ್ವನ ಕಣ್ಣು ತುಂಬಿತು. ಕೊಟ್ರಪ್ಪ ಅದನ್ನು ಕಂಡ. ಆದರೂ ಕೈಮುಗಿದು, "ಅಪ್ಪಣೆ. ಚೂರೂ ತಪ್ಪದ ಹಾಗೆ ನೋಡಿಕೊಳ್ಳುತ್ತೇನೆ" ಅಂದ.

ಇನ್ನು ಅರಸನ ಗಂಟಲಿನ ವಿಷಯ. ಬೆಳಗೆದ್ದರೆ ಸ್ವರವೇ ಹೊರಡದು. ಅರಮನೆಯ ವೈದ್ಯರು ತರುವ ಲೇಹ್ಯ ಒಂದು ಚಮಚ ನೆಕ್ಕಿದ ಮೇಲೇ ಮಾತು. ಅದಕ್ಕೆ ಏನೇನು ಬೆರೆಸುತ್ತಾರೋ, ಆ ಪುಣ್ಯಾತ್ಮ ಹೆಂಡತಿಗೂ ಹೇಳಿದವರಲ್ಲ.

ಮರುದಿನ ಬೆಳಗ್ಗೆ ನೆರೆನಾಡಿನ ರಾಯಭಾರಿಗಳು ಬಂದು ಕೂತಿದ್ದರು. ಗುರುಬಸವ್ವನೂ ಲ್ಯಾಪ್‌ಟಾಪ್ ಸಮೇತ ಮೂಲೆಯಲ್ಲಿ ಕಾದಿದ್ದರು. ಪೆನ್‌ಡ್ರೈವಿನ ಹಿರಿಮೆ ಕುರಿತು ಅರಸನ ಭಾಷಣ. ಲೇಹ್ಯ ಮಾತ್ರ ಬರಲಿಲ್ಲ. ವೈದ್ಯರು ಬಟ್ಟಲು ಹಿಡಿದು ಬಾಗಿಲ ಹೊರಗೆ ನಿಂತಿದ್ದರು, ಅಡ್ಡಕ್ಕೆ ಕೊಟ್ರಪ್ಪ.

"ಇದರೊಳಗೇನಿದೆ ಅಂತ ವೈದ್ಯರು ಹೇಳುತ್ತಿಲ್ಲ, ಪ್ರಭು. ಬಾಗಿಲು ದಾಟಿಸೋ ಹಾಗಿಲ್ಲವಲ್ಲ!"

ಅರಸ ಕಣ್ಣು ಕೆಂಪಗೆ ಮಾಡಿದ.

"ಅಯ್ಯೋ, ಕೊಡಲ್ಲ ಅಂದವರಾರು? ಬೇಕಾದವರು ಸ್ವರ ಎತ್ತಿ ಒಂದು ಸಲ ಕೇಳಿದರೆ ಸಾಕು, ಈಗಲೇ ಕೊಡುತ್ತಾರೆ."

"ಕ್... ಕ್..." ಅಂದ ಅರಸ. ಸ್ವರ ಬರೋದೇ ಲೇಹ್ಯದಿಂದ, ಲೇಹ್ಯ ಹೊರಗೆ. ರಾಯಭಾರಿಗಳು ಮುಸಿಮುಸಿ ನಗತೊಡಗಿದರು. ಕೊನೆಗೆ ಅರಸ ಗುರುಬಸವ್ವನ ಲ್ಯಾಪ್‌ಟಾಪನ್ನೊಮ್ಮೆ, ತನ್ನ ಗಂಟಲನ್ನೊಮ್ಮೆ ತೋರಿಸಿ ಕೈ ಜೋಡಿಸಿಬಿಟ್ಟ.

ಕೊಟ್ರಪ್ಪ ದಾರಿ ಬಿಟ್ಟ. ಒಂದು ಚಮಚ ಒಳಗಿಳಿಯಿತು.

"ಹಾಳಾಗಿ ಹೋಗಲಿ, ಸೇರಿಸೋ ಮಾರಾಯ! ಆದರೆ ಒಳಗೇನಿದೆಯೋ ಗೊತ್ತಿಲ್ಲ ಅಂತ ಮೇಲೆ ಬರೆದಿರು. ಬೇಕಾದವರು ಹಾಕಿಕೊಳ್ಳಲಿ, ಬೇಡದವರು ಬಿಡಲಿ."

ಗುರುಬಸವ್ವ ಅರಮನೆಯ ಜಗಲಿಯಲ್ಲೇ ಕೂತು ಮಕ್ಕಳ ಹೆಸರೆಲ್ಲ ತುಂಬಿದರು.

ಒಳಗೆ ಅರಸ ರಾಯಭಾರಿಗಳ ಮುಂದೆ ಎದ್ದು ನಿಂತು ಗುಡುಗಿದ: "ಗುಟ್ಟಿನ ಸರಕಿನ ಹಂಗಿಲ್ಲದೆ ಬಾಳುವ ಅರಸ ನಾನು!"

ಕೊಟ್ರಪ್ಪ ಮೆಲ್ಲಗೆ ವಸ್ತ್ರ ಚಾಚಿದ. "ಒರೆಸಿಕೊಳ್ಳಿ ಪ್ರಭು, ಮೀಸೆಗೆ ಲೇಹ್ಯ ಮೆತ್ತಿದೆ."