ಬುಟ್ಟಿಯ ಹುಲ್ಲಿಗೆ ಬಾಯಿ ಹಾಕಿದ ಹೋತ

ಮಕ್ಕಳೇ, ಕಲ್ಲುಗುಡ್ಡದ ಈಚೆ ಬದಿಯ ಕಾಡಿನಲ್ಲಿ ಕೊಂಬಯ್ಯ ಎಂಬ ಹೋತ ಇದ್ದ. ಗುಡ್ಡದಾಚೆಗೆ ಸಾಮಾನು ಹೊತ್ತೊಯ್ಯುವುದು ಅವನ ಕೆಲಸ. ಅವನ ಕಾಲು ಬಲು ಚುರುಕು, ಬಾಯಿ ಅದಕ್ಕಿಂತ ಚುರುಕು.

ಆಚೆ ಬದಿಯ ಕರಡಿ ಜಾಂಬಮ್ಮನ ಮರಿಗೆ ಅಂದು ನಾಮಕರಣ. ಬಂದವರ ಕೈಗೆ ಈಚೆ ಬದಿಯ ಒಂದೊಂದು ಅಂಜೂರದ ಹಣ್ಣು ಕೊಡಬೇಕೆಂದು ಅವಳಿಗೆ ಆಸೆ. "ಹಣ್ಣು ಕೆಡದೆ ಬಂದರೆ ನನ್ನ ಹುಲ್ಲುಗಾವಲು ಈ ಬೇಸಿಗೆಯೆಲ್ಲ ನಿನ್ನದೇ" ಎಂದು ಕೊಂಬಯ್ಯನಿಗೆ ಹೇಳಿ ಕಳಿಸಿದ್ದಳು. ಆ ಮಾತು ಕೇಳಿದಾಗಿನಿಂದ ಅವನಿಗೆ ಆ ಹಸಿರು ಹುಲ್ಲಿನದೇ ಕನಸು.

ಗೂಡು ಹೆಣೆಯುವುದರಲ್ಲಿ ಜಾಣನಾದ ಗೀಜಗ ಹಕ್ಕಿ ಗೀಜಗಣ್ಣ ಎರಡು ಬುಟ್ಟಿ ಹೆಣೆದ. ತಳಕ್ಕೆ ಒಣಹುಲ್ಲು ಹಾಸಿ, ಹಣ್ಣು ಜೋಡಿಸಿ, ಸಂದಿಗೊಂದಿಗೆಲ್ಲ ಹುಲ್ಲು ತುರುಕಿದ. ಬುಟ್ಟಿಗಳನ್ನು ಕೊಂಬಯ್ಯನ ಬೆನ್ನಿನ ಆಚೆಗೊಂದು ಈಚೆಗೊಂದು ಇಳಿಬಿಟ್ಟ.

"ದಾರಿಯೆಲ್ಲ ಕಲ್ಲು ಮಾರಾಯ. ನೀನು ಕುಲುಕಿದಷ್ಟೂ ಹಣ್ಣು ಕುಲುಕುತ್ತೆ. ಜೋಪಾನ" ಎಂದ ಗೀಜಗಣ್ಣ.

"ನನಗೇ ಹೇಳಿಕೊಡ್ತೀಯಾ? ಒಂದು ಹಣ್ಣು ಮುಟ್ಟಿದರೆ ಕೇಳು" ಎಂದು ಕೊಂಬಯ್ಯ ಹೊರಟ.

ಮೊದಲ ಏರಿನಲ್ಲೇ ಒಣಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ಕತ್ತು ತಿರುಗಿಸಿದರೆ ಬಾಯಿಗೇ ಸಿಗುವಂತಿತ್ತು. "ಹಣ್ಣನ್ನೇನೂ ತಿನ್ನುತ್ತಿಲ್ಲವಲ್ಲ, ಬರೀ ಹುಲ್ಲು" ಎಂದುಕೊಂಡು ಬಲಗಡೆ ಒಂದು ತುತ್ತು ಎಳೆದ. ಎಡಗಡೆಗೆ ಬೇಸರವಾಗಬಾರದೆಂದು ಅಲ್ಲೂ ಒಂದು ತುತ್ತು. ಗುಡ್ಡದ ನೆತ್ತಿ ತಲುಪುವಷ್ಟರಲ್ಲಿ ಎರಡೂ ಬುಟ್ಟಿಯಲ್ಲಿ ಹುಲ್ಲಿನ ಸುಳಿವಿರಲಿಲ್ಲ.

ಇಳಿಜಾರಿನಲ್ಲಿ ಕೊಂಬಯ್ಯ ಕಲ್ಲಿಂದ ಕಲ್ಲಿಗೆ ನೆಗೆದ. ಬುಟ್ಟಿಯೊಳಗೆ ಒಂದೇ ಸಮನೆ ದಡಬಡ. ಹಣ್ಣಿಗೂ ಹುರುಪು ಬಂದಿದೆ ಎಂದುಕೊಂಡ. ಹೊಟ್ಟೆಯ ಮೇಲೆ ಅಂಟಂಟಾಗಿ ಏನೋ ಇಳಿಯಿತು. ಬೆವರಿರಬೇಕು ಎಂದುಕೊಂಡ. ಹಿಂದೆ ನೊಣಗಳ ಮೆರವಣಿಗೆ ಬರುತ್ತಿತ್ತು. ಅದೂ ತನ್ನ ಮೇಲಿನ ಪ್ರೀತಿಯೇ ಎಂದುಕೊಂಡ.

ಅತಿಥಿಗಳು ಸಾಲಾಗಿ ಕೂತಿದ್ದರು. ಜಾಂಬಮ್ಮ ಬುಟ್ಟಿ ಬಿಚ್ಚಿ ನೋಡಿದಳು. ಅವಳ ಮುಖ ಇಳಿದುಹೋಯಿತು.

"ಇದನ್ನು ಬಂದವರ ಕೈಗೆ ಕೊಡಲೋ, ಸೌಟಿನಲ್ಲಿ ಬಡಿಸಲೋ?"

"ನಿಮ್ಮಾಣೆ ಅಮ್ಮ, ಒಂದು ಹಣ್ಣೂ ಮುಟ್ಟಿಲ್ಲ. ಎಣಿಸಿ ನೋಡಿ."

"ಎಣಿಸೋಕೆ ಹಣ್ಣು ಎಲ್ಲಿದೆಯಪ್ಪ? ಅದಿರಲಿ, ನಿನ್ನ ಗಡ್ಡದಲ್ಲಿ ಏನದು?"

ಕೊಂಬಯ್ಯ ಗಡ್ಡ ಒದರಿದ. ಒಣಹುಲ್ಲಿನ ಎಸಳೊಂದು ಕೆಳಗೆ ಬಿತ್ತು. ಅವನಿಗೆ ನಾಚಿಕೆಯಾಗಿ ತಲೆ ಎತ್ತಲಾಗಲಿಲ್ಲ.

"ಊಟ ಆಯ್ತು ಅನ್ನು. ಹಾಗಾದರೆ ನನ್ನ ಹುಲ್ಲುಗಾವಲು ನಿನಗ್ಯಾಕೆ?" ಎಂದು ಜಾಂಬಮ್ಮ ಬೇಲಿಯ ಬಾಗಿಲು ಹಾಕಿಕೊಂಡಳು.

ಆ ಬೇಸಿಗೆಯೆಲ್ಲ ಕೊಂಬಯ್ಯ ಬೇಲಿಯಾಚೆ ನಿಂತು ಹಸಿರು ಹುಲ್ಲನ್ನು ನೋಡಿದ. ನೋಡಿದ, ಅಷ್ಟೇ.

ನೀತಿ: ಕೆಲಸಕ್ಕೆ ಬಾರದ್ದೆಂದು ಕಂಡದ್ದೇ ಎಷ್ಟೋ ಸಲ ಬೆಲೆಬಾಳುವುದನ್ನು ಕಾಯುತ್ತಿರುತ್ತದೆ, ಅದನ್ನು ಹಾಳುಮಾಡಿದವನು ಎರಡನ್ನೂ ಕಳೆದುಕೊಳ್ಳುತ್ತಾನೆ.