ಸಾಹುಕಾರರ ಕಾರಿನ ಪುಸ್ಸ್

ದಾವಣಗೆರೆಯ ಪಾಲಾಕ್ಷಪ್ಪ ಸಾಹುಕಾರರು ಟರ್ಬೊ ಸ್ಪೋರ್ಟ್ಸ್ ಕಾರು ಕೊಂಡರು ನೋಡಿ, ಊರಿನ ನೆಮ್ಮದಿ ಹೋಯಿತು. ಅಷ್ಟಕ್ಕೇ ತೃಪ್ತಿಯೇ? ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಟರ್ಬೊದ ಗಾಳಿಯನ್ನು 'ಪುಸ್ಸ್' ಎಂದು ಹೊರಬಿಡುವ ಡಂಪ್ ವಾಲ್ವ್ ಬೇರೆ ಬೇಕಂತೆ! ಮೆಕ್ಯಾನಿಕ್ ದಸ್ತಗೀರ್ ಅಚ್ಚುಕಟ್ಟಾಗಿ ಕೂರಿಸಿಕೊಟ್ಟ.

ಮರುದಿನವೇ ಸಾಹುಕಾರರು ಬುಸುಗುಡುತ್ತ ಬಂದರು. "ಏನಲೇ, ಗಾಜು ಏರಿಸಿ ಏಸಿ ಹಾಕಿದ್ರೆ ಒಂದು ಪುಸ್ಸೂ ಕೇಳಲ್ಲ! ಇವತ್ತೇ ಕೇಳಿಸ್ಬೇಕು, ಇಲ್ಲಾಂದ್ರೆ ನನ್ನ ಶೆಡ್ಡು ಖಾಲಿ ಮಾಡು."

ಗ್ಯಾರೇಜು ಇದ್ದದ್ದು ಅವರದೇ ಶೆಡ್ಡಿನಲ್ಲಿ. ದಸ್ತಗೀರ್ ಮೆಲ್ಲಗೆ ಕೈ ಒರೆಸಿಕೊಂಡ. "ಗಾಜು ಇಳಿಸಿದ್ರೆ ಕೇಳ್ತದೆ, ಸಾವ್ಕಾರ್ರೇ."

"ಧೂಳು ಕುಡೀಲೇನಲೇ ನಾನು?"

"ಛೆ ಛೆ! ಆ ಸದ್ದಿನ ಗತ್ತು ರಸ್ತೇಲಿ ನಿಂತೋರಿಗೇ ಗೊತ್ತಾಗೋದು. ನೀವು ಸರ್ಕಲ್ಲಿನಾಗೆ ನಿಲ್ರಿ, ನಾನು ಓಡಿಸ್ತೀನಿ."

ಸಾಹುಕಾರರು ಬಿಸಿಲಲ್ಲಿ ನಿಂತರು. ದಸ್ತಗೀರ್ ಏಸಿಯಲ್ಲಿ ಕೂತು ಸುತ್ತು ಹೊಡೆದ. ಪುಸ್ಸ್! ಸಾಹುಕಾರರ ಮುಖ ಅರಳಿತು. "ಭೇಷ್! ಶೆಡ್ಡಿನ ಮಾತು ಬಿಡು. ದಿನಾ ಹಿಂಗೇ ಓಡಿಸು, ಕೇಳ್ತೀನಿ!" ಎಂದು ಕೂಗಿದರು.

ಬಿಸಿಲಲ್ಲಿ ಬೆವರುತ್ತಿದ್ದ ಸಾಹುಕಾರರನ್ನು ನೋಡಿ, ಪಕ್ಕದಲ್ಲಿ ಮಿರ್ಚಿ ಕರಿಯುತ್ತಿದ್ದ ಅಜ್ಜಿಗೆ ಕರುಳು ಚುರುಕ್ಕೆಂದಿತು. "ಹೊಸ ಡ್ರೈವರ್ರಾ ಯಪ್ಪಾ ನೀನು? ಪಾಪ, ಕಾರಿನಾಗೆ ಕುಂತ ಆ ಸಾವ್ಕಾರ್ರು ನಿಂಗೆ ಕಾರು ಮುಟ್ಟಾಕೂ ಬಿಡವಲ್ರಲ್ಲ!"