ಇಳಿಜಾರಿಗೆ ಮೊದಲೇ ನಿಂಬೆಹಣ್ಣು

ದಾರಿಯಲ್ಲಿ ಹೋಗುವ ಸಕಲ ಜೀವಿಗಳನ್ನೂ ಕಾಯುವ ಸ್ವಾಮಿಗೆ ಶರಣೆಂದು ಈ ಕಥೆ ಹೇಳುತ್ತೇನೆ.

ಮೊಲವ್ವ ತನ್ನ ಮೊದಲ ರೋಡ್ ಬೈಕು, ಅಂದರೆ ವೇಗವಾಗಿ ಓಡುವ ತೆಳು ಗಾಲಿಯ ಸೈಕಲ್ಲು, ಕೊಳ್ಳಲು ನರಿಯಪ್ಪನ ಸೈಕಲ್ ಅಂಗಡಿಗೆ ಬಂದಳು. "ಗುಡ್ಡದ ಇಳಿಜಾರಿನಲ್ಲಿ ಒಮ್ಮೆ ಓಡಿಸಿ ನೋಡುತ್ತೇನೆ" ಎಂದಳು. ನರಿಯಪ್ಪ ಕೇಳಿಸದವನಂತೆ ಸೈಕಲ್ಲಿಗೆ ಹಾರ ಹಾಕಿ, ಕುಂಕುಮವಿಟ್ಟು, ಗಾಲಿಯಡಿ ನಿಂಬೆಹಣ್ಣು ಇರಿಸಿದ.

"ಪೂಜೆಯಾಯಿತು ತಾಯಿ, ಗಾಡಿ ನಿಮ್ಮದಾಯಿತು. ಇನ್ನು ಅನುಮಾನಪಟ್ಟರೆ ದೇವರನ್ನೇ ಅನುಮಾನಿಸಿದಂತೆ."

ಮೊಲವ್ವನ ಕಿವಿಗಳು ಸಿಟ್ಟಿನಿಂದ ನೆಟ್ಟಗಾದವು. "ನನ್ನ ಅನುಮಾನ ನಿಮ್ಮ ಬ್ರೇಕಿನ ಮೇಲೆ. ಅದನ್ನು ಮುಚ್ಚಲು ದೇವರನ್ನು ಅಡ್ಡ ತರುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ? ಅಷ್ಟು ನಂಬಿಕೆಯಿದ್ದರೆ ನೀವೇ ಹತ್ತಿ ಗುಡ್ಡ ಇಳಿಯಿರಿ."

"ಇವತ್ತು ನನಗೆ ಮೊಣಕಾಲು ನೋವು" ಎಂದ ನರಿಯಪ್ಪ.

ಮೊಲವ್ವ ಹಾರವನ್ನು ತೆಗೆದು ಕಣ್ಣಿಗೊತ್ತಿಕೊಂಡಳು. ಸೈಕಲ್ಲನ್ನು ಅಲ್ಲೇ ಬಿಟ್ಟು, ಹಾರವನ್ನು ಮಾತ್ರ ಗುಡಿಗೆ ಒಯ್ದಳು.

ಕೇಳಿದ ನಿಮ್ಮೆಲ್ಲರ ಕೈಯನ್ನೂ ಭಗವಂತ ಇಳಿಜಾರಿನಲ್ಲಿ ಬಿಡದಿರಲಿ.